ಐನ್ಯಾಚುರಲಿಸ್ಟ್ ಆ್ಯಪ್: ಕುಟುಂಬದವರೆಗೆ ನಂಬಿ, ಪ್ರಭೇದಕ್ಕೆ ಪುರಾವೆ ಕೇಳಿ

ಫೋಟೊ ತೋರಿಸಿದರೆ ಗಿಡ, ಹುಳು, ಹಕ್ಕಿಯ ಹೆಸರು ಹೇಳುವ ಆ್ಯಪ್‌ಗಳು ಈಗ ಹಲವಿವೆ. ಜೀವಿಗಳ ವರ್ಗೀಕರಣವನ್ನು ಕಲಿಯಬೇಕೆನ್ನುವವರಿಗೆ ನಾವು ಮೊದಲು ಸೂಚಿಸುವುದು ಐನ್ಯಾಚುರಲಿಸ್ಟ್. ಇದರಲ್ಲಿ ಪ್ರಭೇದದ ಹೆಸರನ್ನೇ ಹಾಕಬೇಕೆಂಬ ಒತ್ತಾಯವಿಲ್ಲ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ (ಜೀನಸ್), ಪ್ರಭೇದ (ಸ್ಪೀಶೀಸ್) ಎಂಬ ಏಣಿಯಲ್ಲಿ ನಿಮ್ಮ ಫೋಟೊ ಎಷ್ಟು ಮೆಟ್ಟಿಲು ಹತ್ತಿಸುತ್ತದೋ ಅಷ್ಟಕ್ಕೇ ನಿಲ್ಲಬಹುದು. ‘ಇದು ಜೇಡ, ಅದಕ್ಕಿಂತ ಹೆಚ್ಚು ಹೇಳಲಾಗದು’ ಎಂಬುದೂ ಇಲ್ಲಿ ಪೂರ್ಣ ಗೌರವವಿರುವ ಉತ್ತರ.

2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂವರು ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದ ಇದು 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆ. ಶುಲ್ಕವಿಲ್ಲ, ಜಾಹೀರಾತುಗಳ ಕಾಟವೂ ಇಲ್ಲ.

ಫೋಟೊ ಸೇರಿಸಿದ ಕೂಡಲೇ ಕಂಪ್ಯೂಟರ್ ಒಂದಷ್ಟು ಹೆಸರುಗಳನ್ನು ಸೂಚಿಸುತ್ತದೆ. ಹೊಸಬರು ಎಡವುವುದು ಇಲ್ಲಿಯೇ: ಪಟ್ಟಿಯ ಮೊದಲ ಹೆಸರನ್ನು ಒತ್ತಿ ಮುಂದೆ ಹೋಗುತ್ತಾರೆ. ಒಂದು ಪ್ರಭೇದದ ಸುಮಾರು 100 ಫೋಟೊಗಳಾದರೂ ಸೇರುವವರೆಗೆ ಅದು ಈ ಯಂತ್ರದ ತಿಳಿವಳಿಕೆಯೊಳಗೆ ಬರುವುದಿಲ್ಲ. ಹಾಗಾಗಿ ಅಪರೂಪದ ಜೀವಿಯೊಂದನ್ನು ತೋರಿಸಿದರೆ ಅದರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಅದನ್ನು ಹೋಲುವ ಸಾಮಾನ್ಯ ನೆಂಟನ ಹೆಸರು ಮೇಲೆ ಬಂದು ಕೂರುತ್ತದೆ. ಪಟ್ಟಿಯ ನೆತ್ತಿಯಲ್ಲಿ ಕೆಲವೊಮ್ಮೆ ‘ಇದು ಈ ಕುಟುಂಬದ್ದು’ ಅಥವಾ ‘ಈ ಜಾತಿಯದ್ದು’ ಎಂಬ ಒಂದು ಸಾಲು ಕಾಣುತ್ತದೆ. ನಮ್ಮ ಸಲಹೆ ಆ ಸಾಲನ್ನೇ ಆರಿಸಿಕೊಳ್ಳುವುದು. ಅದರ ಕೆಳಗಿನ ಪ್ರಭೇದಗಳನ್ನು ಒಂದೊಂದಾಗಿ ತೆರೆದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಲಕ್ಷಣ ನಿಮ್ಮ ಫೋಟೊದಲ್ಲಿ ಕಂಡರೆ ಮಾತ್ರ ಪ್ರಭೇದದ ಹೆಸರನ್ನು ಆರಿಸಿ.

ಜೇನಿನ ವೇಷ ತೊಟ್ಟ ಹೋವರ್‌ಫ್ಲೈ ಎಂಬ ನೊಣ ಒಳ್ಳೆಯ ಉದಾಹರಣೆ. ಬಣ್ಣ, ಪಟ್ಟೆ ಎಲ್ಲವೂ ಜೇನಿನದೇ. ಆದರೆ ಅದಕ್ಕೆ ರೆಕ್ಕೆ ಎರಡೇ, ಕುಡಿಮೀಸೆ ಮೋಟು. ಜೇನಿಗೆ ರೆಕ್ಕೆ ನಾಲ್ಕು, ಕುಡಿಮೀಸೆ ಉದ್ದ. ಇಷ್ಟು ನೋಡಿದರೆ ಒಂದು ನೊಣಗಳ ಡಿಪ್ಟೆರಾ ಗಣದ್ದು, ಇನ್ನೊಂದು ಜೇನು, ಕಣಜ, ಇರುವೆಗಳ ಹೈಮನಾಪ್ಟೆರಾ ಗಣದ್ದು ಎಂದು ಖಚಿತವಾಗುತ್ತದೆ. ಪ್ರಭೇದ ಗೊತ್ತಾಗದಿದ್ದರೂ ಆ್ಯಪ್‌ಗೆ ಹಾಕಿದ ಈ ದಾಖಲೆ ಸರಿಯಾದದ್ದೇ. ಜೇಡಗಳಲ್ಲಿ ಕಣ್ಣುಗಳ ಜೋಡಣೆ ಕುಟುಂಬದ ಸುಳಿವು ಕೊಡುತ್ತದೆ. ಪ್ರಭೇದಕ್ಕೆ ಹಲವು ಸಲ ಬೆಳೆದ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು, ಮೊಬೈಲ್ ಫೋಟೊ ಎಷ್ಟೇ ಚೆನ್ನಾಗಿದ್ದರೂ ಸಾಲದು. ಅಣಬೆಗಳ ವಿಷಯದಲ್ಲಂತೂ ಆ್ಯಪ್ ಕೊಟ್ಟ ಹೆಸರನ್ನು ನಂಬಿ ಏನನ್ನೂ ತಿನ್ನಬೇಡಿ. ವಿಷದ ಅಣಬೆಗೂ ತಿನ್ನುವ ಅಣಬೆಗೂ ಇರುವ ವ್ಯತ್ಯಾಸ ಬುಡದಲ್ಲೋ ಬೀಜಕದ ಬಣ್ಣದಲ್ಲೋ ಅಡಗಿರಬಹುದು.

ಆದ್ದರಿಂದ ಫೋಟೊ ಹೇಗಿರಬೇಕು ಎಂಬುದು ಆ್ಯಪ್‌ನ ಗುಣಕ್ಕಿಂತ ದೊಡ್ಡ ಪ್ರಶ್ನೆ. ಗಿಡವಾದರೆ ಎಲೆಯ ಮೇಲ್ಮೈ, ಅಡಿಭಾಗ, ಎಲೆಗಳು ಕಾಂಡದ ಮೇಲೆ ಎದುರುಬದುರಾಗಿವೆಯೋ ಒಂದಾದ ಮೇಲೊಂದಾಗಿವೆಯೋ ಎಂಬುದು, ಹೂವಿನ ಮುಂಭಾಗ ಮತ್ತು ಪಕ್ಕ, ಕಾಯಿ, ಕೊನೆಗೆ ಇಡೀ ಗಿಡ: ಹೀಗೆ ಐದಾರು ಫೋಟೊ ಬೇಕು. ಅಣಬೆಯಾದರೆ ಟೋಪಿಯ ಅಡಿಯಲ್ಲಿ ಪದರಗಳೋ ರಂಧ್ರಗಳೋ ಎಂಬುದು ಕಾಣಬೇಕು, ಬುಡವೂ ಕಾಣಬೇಕು. ಚಿಟ್ಟೆಗೆ ರೆಕ್ಕೆಯ ಎರಡೂ ಮೈ. ಇವೆಲ್ಲವೂ ಒಂದೇ ಜೀವಿಯದಾಗಿರಬೇಕು. ಒಂದು ದಾಖಲೆಯಲ್ಲಿ ಎರಡು ಬೇರೆ ಗಿಡಗಳ ಫೋಟೊ ಸೇರಿದರೆ ಅದನ್ನು ನೋಡಿ ಗುರುತಿಸುವ ಇತರ ಬಳಕೆದಾರರು ಯಾವುದಕ್ಕೆ ಉತ್ತರಿಸಬೇಕು? ಇನ್ನೊಂದು ಎಚ್ಚರಿಕೆ: ಮೆಸೇಜಿಂಗ್ ಆ್ಯಪ್ ಮೂಲಕ ಬಂದ ಫೋಟೊಗಳಲ್ಲಿ ತೆಗೆದ ದಿನಾಂಕ, ಸ್ಥಳದ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಮೂಲ ಫೈಲನ್ನೇ ಸೇರಿಸಿ.

ದಾಖಲೆಗೆ ಯಾವ ಹೆಸರೂ ಹಾಕದೆ ಬಿಟ್ಟರೆ ಅದು ‘ಅಪರಿಚಿತ’ರ ರಾಶಿಯಲ್ಲಿ ಕೊಳೆಯುತ್ತದೆ. ಗುರುತಿಸಲು ಬರುವ ಪರಿಣತರು ತಮ್ಮ ಗುಂಪನ್ನಷ್ಟೇ ಜರಡಿ ಹಿಡಿದು ನೋಡುತ್ತಾರೆ. ‘ಸಸ್ಯ’ ಅಥವಾ ‘ಕೀಟ’ ಎಂದಷ್ಟು ಹಾಕಿದರೂ ಸರಿಯಾದ ಕಣ್ಣಿಗೆ ಬೀಳುತ್ತದೆ.

ಒಪ್ಪಿಗೆಯ ಲೆಕ್ಕ ತುಂಬ ಜನರಿಗೆ ಅರ್ಥವಾಗಿರುವುದಿಲ್ಲ. ದಾಖಲೆ ‘ಸಂಶೋಧನಾ ದರ್ಜೆ’ಗೆ ಏರಬೇಕಾದರೆ ದಿನಾಂಕ, ಸ್ಥಳ, ಫೋಟೊ ಅಥವಾ ಧ್ವನಿ ಇರಬೇಕು, ಜೀವಿ ಸಾಕಿದ್ದೋ ನೆಟ್ಟಿದ್ದೋ ಆಗಿರಬಾರದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರಿಗೆ ಒಪ್ಪಿರಬೇಕು. ‘ಹೆಚ್ಚು’ ಎಂಬ ಮಾತನ್ನು ಗಮನಿಸಿ. ಇಬ್ಬರಿಗೆ ಇಬ್ಬರೂ ಒಪ್ಪಿದರೆ ಸಾಕು. ಆದರೆ ಒಬ್ಬರು ಬೇರೆ ಹೆಸರು ಹೇಳಿದರೆ ಮೂವರಲ್ಲಿ ಇಬ್ಬರು ಎಂಬುದು ಸರಿಯಾಗಿ ಮೂರನೇ ಎರಡು, ಅದು ಸಾಲದು. ನಾಲ್ವರಲ್ಲಿ ಮೂವರು ಬೇಕು. ಇಬ್ಬರು ಭಿನ್ನವಾಗಿ ಹೇಳಿದ್ದರೆ ಒಪ್ಪುವವರು ಐವರಾಗಬೇಕು. ಆದ್ದರಿಂದ ಗೆಳೆಯರ ದಾಖಲೆಗೆ ಪ್ರೀತಿಯಿಂದ ‘ಒಪ್ಪಿದೆ’ ಒತ್ತುವ ಚಾಳಿ ನಿಜವಾದ ಹಾನಿ ಮಾಡುತ್ತದೆ. ಸಂಶೋಧನಾ ದರ್ಜೆಯ ದಾಖಲೆಗಳು, ಪರವಾನಗಿ ಅನುಮತಿಸಿದರೆ, ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ದತ್ತಾಂಶ ಭಂಡಾರಕ್ಕೆ ಹೋಗುತ್ತವೆ. ಅಲ್ಲಿಂದ ಅವನ್ನು ಸಂಶೋಧಕರು ಎತ್ತಿಕೊಳ್ಳುತ್ತಾರೆ. ತಿಳಿಯದೆ ಒತ್ತಿದ ಒಂದು ಬೆರಳಿನ ತಪ್ಪು ಅಲ್ಲಿಯವರೆಗೂ ನಡೆದುಹೋಗುತ್ತದೆ.

ಕುಂಡದಲ್ಲಿ ನೆಟ್ಟ ಗುಲಾಬಿ ‘ನೆಟ್ಟದ್ದು’. ಅದೇ ಕುಂಡದಲ್ಲಿ ತಾನಾಗಿ ಹುಟ್ಟಿದ ಕಳೆಯೂ ಗುಲಾಬಿಯ ಎಲೆ ತಿನ್ನುವ ಕಂಬಳಿಹುಳುವೂ ‘ಕಾಡಿನವು’.

ವರ್ಗೀಕರಣ ಕಲಿಸುವವರು ಆ್ಯಪ್‌ನ ಗುಂಪು ಚಿಹ್ನೆಗಳ ಬಗ್ಗೆ ಎಚ್ಚರದಿಂದಿರಬೇಕು. ಮೀನಿನ ಚಿಹ್ನೆ ಕಿರಣ ರೆಕ್ಕೆಯ ಮೀನುಗಳಿಗೆ, ಅಂದರೆ ಈಜುರೆಕ್ಕೆಗೆ ಕಿರಣದಂತೆ ಹರಡಿದ ಕಡ್ಡಿಗಳ ಆಧಾರವಿರುವವಕ್ಕೆ ಮಾತ್ರ. ಶಾರ್ಕ್, ತೊರಕೆ ಮೀನುಗಳು ಎರೆಹುಳು, ನಕ್ಷತ್ರಮೀನುಗಳ ಜೊತೆ ‘ಇತರ ಪ್ರಾಣಿಗಳು’ ಎಂಬಲ್ಲಿ ಸಿಗುತ್ತವೆ. ಕೆಲ್ಪ್‌ನಂಥ ಕಂದು ಪಾಚಿಗಳನ್ನು ಸಸ್ಯಗಳಲ್ಲಿ ಹುಡುಕಿದರೆ ಸಿಗುವುದಿಲ್ಲ, ಅವು ಕ್ರೋಮಿಸ್ಟಾ ಎಂಬ ಬೇರೆಯೇ ಸಾಮ್ರಾಜ್ಯದಲ್ಲಿವೆ. ಆಲೂಗಡ್ಡೆಯ ಅಂಗಮಾರಿ ರೋಗ ತರುವ ಫೈಟಾಫ್ತರಾ ಬೂಷ್ಟಿನಂತೆ ಕಂಡರೂ ಶಿಲೀಂಧ್ರವಲ್ಲ, ಅದೂ ಅಲ್ಲಿಯೇ. ಹಕ್ಕಿಗಳನ್ನೂ ಸರೀಸೃಪಗಳನ್ನೂ ಎರಡು ಬೇರೆ ವರ್ಗಗಳಾಗಿ ಇಟ್ಟಿರುವುದು ಹುಡುಕಲು ಅನುಕೂಲ, ಆದರೆ ಮೊಸಳೆಗೆ ಹಲ್ಲಿಗಿಂತ ಹಕ್ಕಿ ಹತ್ತಿರದ ಬಂಧು ಎಂಬ ವಿಕಾಸದ ಸಂಗತಿ ಇದರಲ್ಲಿ ಮರೆಯಾಗುತ್ತದೆ. ಪಾಠ ಹೇಳುವವರು ಇದನ್ನು ಬಾಯಿಬಿಟ್ಟು ಹೇಳಬೇಕು.

ಚಿಕ್ಕ ಮಕ್ಕಳಿಗೆ ಇದೇ ಬಳಗದ ‘ಸೀಕ್’ ವಾಸಿ. ಖಾತೆ ಬೇಕಿಲ್ಲ. ಕ್ಯಾಮೆರಾ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿದರೆ ಪರದೆಯ ಮೇಲೆ ಏಳು ಚುಕ್ಕೆಗಳು ಒಂದೊಂದಾಗಿ ತುಂಬುತ್ತವೆ, ಸಾಮ್ರಾಜ್ಯದಿಂದ ಪ್ರಭೇದದವರೆಗೆ. ಕೋನ ಬದಲಾದಂತೆ ಚುಕ್ಕೆ ಏರಿ ಇಳಿಯುವುದನ್ನು ನೋಡಿದ ಮಗುವಿಗೆ ಏಣಿಯ ಅರ್ಥ ತಾನಾಗಿ ಆಗುತ್ತದೆ.

ಸ್ಥಳದ ಗುಟ್ಟು ಕಾಪಾಡಲು ‘ಮಸುಕು’ ಆಯ್ಕೆ ಇದೆ. ಆಗ ನಿಜವಾದ ಬಿಂದುವಿನ ಬದಲು 0.2 ಡಿಗ್ರಿ ಚೌಕದೊಳಗಿನ ಯಾವುದೋ ಒಂದು ಬಿಂದು ಕಾಣುತ್ತದೆ. ಸಮಭಾಜಕದ ಬಳಿ ಆ ಚೌಕದ ಬದಿ ಸುಮಾರು 22 ಕಿ.ಮೀ. ಅಳಿವಿನಂಚಿನ ಅನೇಕ ಪ್ರಭೇದಗಳಿಗೆ ಇದು ತಾನಾಗಿಯೇ ಅನ್ವಯಿಸುತ್ತದೆ. ಮನೆಯಂಗಳದ ದಾಖಲೆಗಳಿಗೆ ನೀವೇ ಹಾಕಿಕೊಳ್ಳಿ.

ಪರಿಸರ ವಿಜ್ಞಾನದ ಕಡೆಯಿಂದ ನೋಡಿದರೆ ಇದರ ದೊಡ್ಡ ಮಿತಿ ಒಂದೇ: ‘ಇದೆ’ ಎಂಬುದನ್ನು ಇದು ದಾಖಲಿಸುತ್ತದೆ, ‘ಎಷ್ಟಿದೆ’, ‘ಇಲ್ಲ’ ಎಂಬುದನ್ನಲ್ಲ. ಜನ ಫೋಟೊ ತೆಗೆಯುವುದು ದಾರಿಯ ಬದಿಯಲ್ಲಿ, ರಜಾದಿನದಲ್ಲಿ, ಹೂ ಬಿಟ್ಟಾಗ. ನಕ್ಷೆಯಲ್ಲಿ ಚುಕ್ಕೆ ದಟ್ಟವಾಗಿದ್ದರೆ ಅಲ್ಲಿ ಜೀವಿ ಹೆಚ್ಚಿದೆಯೋ ನೋಡುವವರು ಹೆಚ್ಚಿದ್ದಾರೋ ಎಂದು ಬಿಡಿಸಿ ಹೇಳಲಾಗದು. ಹುಲ್ಲುಗಾವಲಿನ ಸಸ್ಯ ಸಮುದಾಯವನ್ನು ಅಳೆಯಬೇಕೆಂದರೆ 1 ಮೀ. × 1 ಮೀ. ಚೌಕಟ್ಟು ಹಿಡಿದೇ ಹೋಗಬೇಕು. ಜಾಗವನ್ನು ಅಡ್ಡ ಮತ್ತು ಉದ್ದದ ಅಂಕೆಗಳಿಂದ ಗುರುತಿಸಿ, ಚೀಟಿ ಎತ್ತಿ ಬಂದ ಅಂಕೆಗಳ ಜಾಗದಲ್ಲೇ ಚೌಕಟ್ಟು ಇಡಿ. ಕಣ್ಣಿಗೆ ಹಿತವೆನಿಸಿದ ಕಡೆ ಎಸೆದರೆ ಹೂವಿರುವ ಜಾಗಗಳೇ ಆರಿಸಿ ಬರುತ್ತವೆ. ಹತ್ತು ಚೌಕಟ್ಟುಗಳಲ್ಲಿ ಒಂದು ಪ್ರಭೇದ ಏಳರಲ್ಲಿ ಕಂಡರೆ ಅದರ ಆವರ್ತನ ಶೇ. 70. ಹತ್ತರಲ್ಲೂ ಸೇರಿ 45 ಗಿಡಗಳಿದ್ದರೆ ಸಾಂದ್ರತೆ ಚದರ ಮೀಟರಿಗೆ 4.5. ಎಣಿಕೆ ನೋಟ್‌ಬುಕ್‌ನಲ್ಲಿರಲಿ, ಹೆಸರು ಖಚಿತವಾಗದ ಗಿಡದ ಫೋಟೊವಷ್ಟೇ ಆ್ಯಪ್‌ಗೆ ಹೋಗಲಿ, ಟಿಪ್ಪಣಿಯಲ್ಲಿ ಚೌಕಟ್ಟಿನ ಸಂಖ್ಯೆ ಬರೆದಿಡಿ. ತಿಂಗಳ ನಂತರ ಯಾರೋ ಬಂದು ಹೆಸರು ತಿದ್ದಿದಾಗ ನೋಟ್‌ಬುಕ್‌ನ ಯಾವ ಸಾಲನ್ನು ತಿದ್ದಬೇಕೆಂಬುದು ಆ ಸಂಖ್ಯೆಯಿಂದಲೇ ಗೊತ್ತಾಗುತ್ತದೆ.