ಮಾರುತಿ 800ಕ್ಕೆ ಫೈಬರ್ ಬಾನೆಟ್: ಬಹಳ ದಿನ ಓಡಿಸಿದ ಮೇಲಿನ ಮಾತು

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಎರಡೂವರೆ. ಸ್ಟೀಲ್ ಬದಲು ಫೈಬರ್‌ಗ್ಲಾಸ್‌ನಲ್ಲಿ ಮಾಡಿದ ಈ ಬಾನೆಟ್ ಪೂರ್ತಿ ಕೆಟ್ಟದ್ದು ಅಂತಲ್ಲ. ತೂಕ ಇಳಿಸೋಕೆ ಅಂತ ನಾನು ಮಾಡಿಸಿದ ಕೆಲಸಗಳಲ್ಲಿ ಜಾಸ್ತಿ ದುಡ್ಡು ತಿಂದಿದ್ದು ಇದು, ಕಡಿಮೆ ತೂಕ ಇಳಿಸಿದ್ದೂ ಇದೇ.

ಗಾಡಿ ತೊಂಬತ್ತರ ದಶಕದ ಮಾರುತಿ 800. ಕಾರ್ಬ್ಯುರೇಟರ್ ಮಾಡೆಲ್, ಏಸಿ ಇಲ್ಲ, ನಾಲ್ಕು ಗೇರ್. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್, ಪವರ್ 40 ಬಿಎಚ್‌ಪಿ ಕೂಡ ಮುಟ್ಟಲ್ಲ. ಇಂಥ ಗಾಡಿಯಲ್ಲಿ ಜೊತೆಗೆ ಕೂತವರು ಕೆಳಗಿಳಿದರೂ ಪಿಕಪ್ ಬದಲಾಗಿದ್ದು ಗೊತ್ತಾಗುತ್ತದೆ. ಹಾಗಾಗಿ ಬಾಡಿ ಪೂರ್ತಿ ಬಿಚ್ಚಿ ಕೆಲಸ ಮಾಡಿಸುವಾಗ, ಜೊತೆಗೇ ಆದಷ್ಟು ಭಾರ ತೆಗೆದುಬಿಡೋಣ ಅಂದುಕೊಂಡೆ.

ಆದರೆ ಈ ಗಾಡಿ ಹುಟ್ಟಿದ್ದೇ ಹಗುರವಾಗಿ. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಶೇಪ್ ಆಗಲಿ, 1986ರಲ್ಲಿ ಬಂದ ಎರಡನೆಯದಾಗಲಿ, ಎರಡಕ್ಕೂ ಮೂಲ ಸುಜುಕಿ ಆಲ್ಟೊ. ಜಪಾನಿನಲ್ಲಿ ಅದು ಕೇಯ್ ಕಾರು. ಉದ್ದ, ಅಗಲ, ಇಂಜಿನ್ ಎಲ್ಲಕ್ಕೂ ಅಲ್ಲಿನ ಸರ್ಕಾರ ಮಿತಿ ಹಾಕಿದ್ದ ವರ್ಗ. ಆಗ ಇಂಜಿನ್ 550 ಸಿಸಿ ದಾಟುವ ಹಾಗಿರಲಿಲ್ಲ. ಅಷ್ಟು ಸಣ್ಣ ಇಂಜಿನ್ ಎಳೆಯಬೇಕಲ್ಲ, ಹಾಗಾಗಿ ತಗಡೂ ತೆಳು, ಸೀಟೂ ತೆಳು. ನಮ್ಮ 800ರ ತೂಕ ಕಂಪನಿ ಲೆಕ್ಕದಲ್ಲಿ ಸುಮಾರು 650 ಕೆಜಿ. ಅದರಲ್ಲಿ ಕತ್ತರಿಸಿ ಎಸೆಯೋಕೆ ಏನಿದೆ ಹೇಳಿ?

ನನ್ನ ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 720 ತೋರಿಸಿತು. ಲಾರಿ ತೂಗುವ ಮಷೀನು, ಐದು ಹತ್ತು ಕೆಜಿ ಆಚೀಚೆ ಇರಬಹುದು. ಆದರೂ 70 ಕೆಜಿ ಎಲ್ಲಿಂದ ಬಂತು? ಕಂಪನಿ ಹಾಕಿದ್ದಲ್ಲ. ಹಿಂದಿನ ಮಾಲೀಕರು ಒಬ್ಬರಾದ ಮೇಲೊಬ್ಬರು ಸೇರಿಸುತ್ತಾ ಬಂದದ್ದು.

ಡಿಕ್ಕಿಯಲ್ಲಿ ಎಲ್‌ಪಿಜಿ ಟ್ಯಾಂಕ್ ಇತ್ತು. ಬ್ರಾಕೆಟ್, ಪೈಪು, ದ್ರವ ಗ್ಯಾಸನ್ನು ಆವಿ ಮಾಡುವ ವೇಪರೈಸರ್ ಎಲ್ಲ ಸೇರಿ 30 ಕೆಜಿ ಹತ್ತಿರ. ಅದರ ಪಕ್ಕದಲ್ಲಿ ಪ್ಲೈವುಡ್ಡಿನ ಸ್ಪೀಕರ್ ಬಾಕ್ಸ್. ಮುಂದೆ ಕಬ್ಬಿಣದ ಪೈಪಿನ ಬಂಪರ್ ಗಾರ್ಡ್. ರಬ್ಬರ್ ಮ್ಯಾಟ್ ಕೆಳಗೆ ಇನ್ನೊಂದು ಮ್ಯಾಟ್, ಅದರ ಕೆಳಗೆ ನೀರು ಕುಡಿದು ಕೊಳೆತ ಕಾರ್ಪೆಟ್. ಫ್ಲೋರಿನಲ್ಲಿ ತುಕ್ಕು ಹಿಡಿದ ಕಡೆಯೆಲ್ಲ ಹಳೇ ತಗಡು ಕತ್ತರಿಸದೆ, ಅದರ ಮೇಲೇ ದಪ್ಪ ಶೀಟು ಇಟ್ಟು ಗ್ಯಾಸ್ ವೆಲ್ಡಿಂಗ್ ಹೊಡೆದಿದ್ದರು. ಒಂದು ಜಾಗದಲ್ಲಂತೂ ತಗಡು ಮೂರು ಪದರ.

ಎಡಗಡೆ ಹಿಂದಿನ ಫೆಂಡರ್ ಮೇಲೆ ಟಿಂಕರಿಂಗ್ ಮೇಸ್ತ್ರಿ ಆಯಸ್ಕಾಂತ ಹಿಡಿದರು. ಅಂಟಲಿಲ್ಲ. ಉಳಿ ಇಟ್ಟು ತಟ್ಟಿದರೆ ಲಪ್ಪಂ ಬಿಸ್ಕತ್ತಿನಷ್ಟು ದಪ್ಪ ಚೂರಾಗಿ ಎದ್ದು ಬಂತು. ಚೂರಿನ ಅಂಚಿನಲ್ಲಿ ಬಿಳಿ, ಹಸಿರು, ಮೆರೂನ್ ಪೇಂಟಿನ ಗೆರೆಗಳು, ಮಧ್ಯೆ ಮಧ್ಯೆ ಬೂದಿ ಬಣ್ಣದ ಲಪ್ಪಂ. "ಸಾರ್, ಇದು ಫೆಂಡರ್ ಅಲ್ಲ, ಗಾರೆ ಗೋಡೆ" ಅಂದು ಮೇಸ್ತ್ರಿ ಬಕೆಟ್ ತರಿಸಿದರು. ಬಕೆಟ್ ತುಂಬಿತು.

ಇದೆಲ್ಲ ತೆಗೆಸೋಕೆ ಆದ ಖರ್ಚು ಕೂಲಿ ಮಾತ್ರ. ಗಾರ್ಡು, ಹಳೇ ತಗಡಿಗೆ ಗುಜರಿಯವನು ಅಷ್ಟೋ ಇಷ್ಟೋ ದುಡ್ಡೂ ಕೊಟ್ಟ. ಫ್ಲೋರಿನಲ್ಲಿ ಕೊಳೆತ ಭಾಗ ಪೂರ್ತಿ ಕತ್ತರಿಸಿ, ಮೂಲ ತಗಡಿನಷ್ಟೇ ದಪ್ಪದ ಶೀಟು ಕೂರಿಸಿ ಸಿಒ2 ವೆಲ್ಡಿಂಗ್ ಮಾಡಿಸಿದೆ. ಎಲ್‌ಪಿಜಿ ಕಿಟ್ ಬಿಚ್ಚಿಸುವವರು ನೆನಪಿಡಿ, ಅದನ್ನು ಆರ್‌ಸಿಯಲ್ಲೂ ತೆಗೆಸಬೇಕು. ಇಲ್ಲದಿದ್ದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ಸುಮ್ನೆ ತಕರಾರು.

ಈಗ ಬಾನೆಟ್ಟಿಗೆ ಬರೋಣ. ಸ್ಟೀಲ್ ಬಾನೆಟ್ಟನ್ನೂ ಫೈಬರ್ ಬಾನೆಟ್ಟನ್ನೂ ಅದೇ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ವ್ಯತ್ಯಾಸ ಐದು ಕೆಜಿ ಆಸುಪಾಸು. ಬಾನೆಟ್ ಲಾಕ್ ಒಂದನ್ನೇ ನಂಬಬೇಡಿ ಅಂತ ಫೈಬರ್ ಕೊಟ್ಟವರೇ ಹೇಳಿದ್ದರು. ಸರಿ, ಎರಡೂ ಕಡೆ ಬಾನೆಟ್ ಪಿನ್ ಹಾಕಿಸಿದೆ. ಹಿಂಜ್ ಬೋಲ್ಟಿನ ಜಾಗಕ್ಕೆ ಒಳಗಿನಿಂದ ಸ್ಟೀಲ್ ಪ್ಲೇಟ್ ಬೇಕಾಯಿತು, ಇಂಜಿನ್ ಬಿಸಿಗೆ ಅಂತ ಕೆಳಗೆ ಫಾಯಿಲ್ ಶೀಟು ಬೇಕಾಯಿತು. ಉಳಿದ ಐದರಲ್ಲಿ ಒಂದು ಕೆಜಿ ಅಲ್ಲೇ ವಾಪಸ್ ಬಂತು ನೋಡಿ!

ಮೊದಲ ಬೇಸಿಗೆಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಹಿಂಜ್ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು ಶುರುವಾಯಿತು. ಬಿಸಿಲಲ್ಲಿ ನಿಲ್ಲಿಸಿ ನಿಲ್ಲಿಸಿ, ಪೇಂಟಿನ ಮೇಲೆ ಫೈಬರ್ ಒಳಗಿನ ಗಾಜಿನ ನೂಲಿನ ಮ್ಯಾಟಿನ ಎಳೆಗಳ ಅಚ್ಚು ಮೂಡಿತು. ನೇರ ನಿಂತು ನೋಡಿದರೆ ಕಾಣಲ್ಲ, ಓರೆಯಾಗಿ ನೋಡಿದರೆ ಸ್ಪಷ್ಟ. ಎಂಬತ್ತು ದಾಟಿದರೆ ಬಾನೆಟ್ಟಿನ ನಡುಭಾಗ ಗಾಳಿಗೆ ಸಣ್ಣಗೆ ಅದುರುತ್ತಿತ್ತು. ಪಿನ್ ಇದೆ ಅಂತ ಗೊತ್ತಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಯಾರೂ ಹೇಳದ ಇನ್ನೊಂದು ವಿಷಯ ರೇಡಿಯೋ. ಸ್ಟೀಲ್ ಬಾನೆಟ್ ಇಗ್ನಿಷನ್ನಿನ ಗದ್ದಲವನ್ನು ತಡೆದಿಟ್ಟುಕೊಳ್ಳುತ್ತದೆ. ಫೈಬರ್ ತಡೆಯಲ್ಲ. ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಹಾಕಿದರೆ ವಾರ್ತೆಯ ಜೊತೆಗೆ ಟರ್‍ರ್ ಅಂತ ಇಂಜಿನ್ ಸದ್ದೂ ಬರುತ್ತಿತ್ತು, ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ಕೆಳಗಿನ ಫಾಯಿಲ್ ಶೀಟಿಗೆ ಒಂದು ಅರ್ಥಿಂಗ್ ವೈರ್ ಕೊಟ್ಟ ಮೇಲೆ ಅರ್ಧ ಕಡಿಮೆಯಾಯಿತು. ಎಫ್‌ಎಂಗೆ ಅಷ್ಟು ತೊಂದರೆ ಇಲ್ಲ.

ಒಳ್ಳೆಯದೂ ಇದೆ. ತುಕ್ಕು ಅನ್ನೋ ಮಾತೇ ಇಲ್ಲ. 800ರ ಬಾನೆಟ್ಟಿನ ಮುಂದಿನ ಅಂಚು ಒಳಗಿಂದ ಕೊಳೆಯೋದು ಈ ಗಾಡಿ ಇಟ್ಟವರಿಗೆಲ್ಲ ಗೊತ್ತು. ಆ ಕಾಟ ತಪ್ಪಿತು. ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು ಕೆಲಸ ಮಾಡಬಹುದು, ಮೆಕ್ಯಾನಿಕ್‌ಗೆ ಖುಷಿ.

ಇಷ್ಟಾದ ಮೇಲೆ ಗಾಡಿ ಹೇಗಿದೆ? ನಂದಿ ಬೆಟ್ಟದ ತಿರುವುಗಳಲ್ಲಿ ಮೊದಲು ಎರಡನೇ ಗೇರಿಗೆ ಇಳಿಸಲೇಬೇಕಿದ್ದ ಕೆಲವು ಕಡೆ ಈಗ ಮೂರರಲ್ಲೇ ಎಳೆಯುತ್ತದೆ. ಬ್ರೇಕ್ ಬೇಗ ಹಿಡಿಯುತ್ತದೆ. ಮೈಲೇಜ್ ಸ್ವಲ್ಪ ಏರಿದೆ, ಅದರಲ್ಲಿ ಕಾರ್ಬ್ಯುರೇಟರ್ ಟ್ಯೂನಿಂಗ್ ಪಾಲೂ ಇದೆ. ಎಲ್‌ಪಿಜಿ ಟ್ಯಾಂಕ್ ಹೋದ ಮೇಲೆ ಹಿಂಭಾಗ ಮೇಲೆದ್ದು ಹೆಡ್‌ಲೈಟ್ ಬೆಳಕು ತೀರಾ ಹತ್ತಿರ ಬೀಳತೊಡಗಿತು, ಫೋಕಸ್ ಮತ್ತೆ ಸೆಟ್ ಮಾಡಿಸಿದೆ. ಒಬ್ಬನೇ ಹೋಗುವಾಗ ಹಂಪ್ ಮೇಲೆ ಹಿಂದಿನ ಚಕ್ರ ಪುಟಿಯುತ್ತದೆ. ಹಿಂದಿನ ಟೈರಿನ ಗಾಳಿ ಎರಡು ಪಾಯಿಂಟ್ ಇಳಿಸಿದೆ, ಪರವಾಗಿಲ್ಲ ಅನ್ನಿಸಿತು.

ಸದ್ದು ತಡೆಯೋಕೆ ಫ್ಲೋರಿಗೆ ಅಂಟಿಸಿರುವ ಟಾರ್ ಶೀಟು ಕೀಳೋದರ ಬಗ್ಗೆ ಕೇಳುವವರಿದ್ದಾರೆ. ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಹರಡಿ ಸ್ವಲ್ಪ ಹೊತ್ತು ಬಿಟ್ಟು ತಟ್ಟಿದರೆ ಗಾಜಿನ ಹಾಗೆ ಒಡೆದು ಬರುತ್ತದೆ, ಬಾಗಿಲು ತೆರೆದಿರಲಿ, ಬರಿಗೈಯಲ್ಲಿ ಮುಟ್ಟಬೇಡಿ. ಆದರೆ ರೋಡಿಗೆ ಓಡಿಸುವ ಗಾಡಿಗೆ ಈ ಕೆಲಸ ಬೇಡ. ಜಲ್ಲಿಕಲ್ಲು ಸಿಡಿದದ್ದೆಲ್ಲ ಕಿವಿಗೇ ಬಡಿಯುತ್ತದೆ. ನಾನು ಮುಂದಿನ ಸೀಟುಗಳ ಕೆಳಗೆ ಮತ್ತೆ ಹಾಕಿಸಿದೆ. ಅಲಾಯ್ ವೀಲೂ ಅಷ್ಟೇ. ನನಗೆ ತೋರಿಸಿದ 13 ಇಂಚಿನ ಜೋಡಿ, ತಕ್ಕಡಿಯಲ್ಲಿ 800ರ 12 ಇಂಚಿನ ಡಿಸ್ಕ್‌ಗಿಂತ ಭಾರ ಬಂತು. ವಾಪಸ್ ಕೊಟ್ಟೆ.

ಗಾಜಿನ ಬದಲು ಪ್ಲಾಸ್ಟಿಕ್ ಶೀಟು, ಒಳಗಿನ ಪ್ಯಾನೆಲ್ಲಿಗೆ ಡ್ರಿಲ್ ಹೊಡೆಯೋದು, ಇದನ್ನೆಲ್ಲ ರೇಸ್ ಟ್ರ್ಯಾಕಿನವರಿಗೆ ಬಿಡಿ. ಅವರಿಗೆ ಗಾಡಿ ಮಗುಚಿದರೂ ಕಾಪಾಡುವ ಪೈಪಿನ ಚೌಕಟ್ಟು, ರೋಲ್ ಕೇಜ್, ಇರುತ್ತದೆ. 800ಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಲ್ಲಿ ತೂತು ಕೊರೆದರೆ ಗಾಡಿಯ ಬೆನ್ನುಮೂಳೆಗೇ ಕೈ ಹಾಕಿದಂತೆ.  ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೂ ಇದೆ, ಇನ್ಶೂರೆನ್ಸ್‌ನವರೂ ಇದ್ದಾರೆ. ನಾಲ್ಕು ಕೆಜಿಗೆ ಯಾಕೆ ಬೇಕು ತಲೆನೋವು? 28 ಲೀಟರ್ ಟ್ಯಾಂಕಿಗೆ ಅರ್ಧವೇ ಪೆಟ್ರೋಲ್ ಹಾಕಿಸಿದರೆ ಹತ್ತು ಕೆಜಿ ಬಿಟ್ಟಿಯಾಗಿ ಇಳಿಯುತ್ತದೆ ಅಲ್ವಾ!

ಫೈಬರ್ ಬಾನೆಟ್ ಬೇಕೇ ಬೇಕು ಅನ್ನುವವರು ಪೇಂಟ್ ಹೊಡೆದದ್ದನ್ನು ತಗೋಬೇಡಿ. ಜೆಲ್ ಕೋಟ್ (ಅಚ್ಚಿನಿಂದ ಬರುವಾಗಲೇ ಇರುವ ಮೇಲ್ಪದರ) ಸ್ಥಿತಿಯಲ್ಲೇ ಕೇಳಿ, ಬೆಳಕಿಗೆ ಹಿಡಿದು ಗಾಳಿಗುಳ್ಳೆ ಇದೆಯಾ ನೋಡಿ, ಹಿಂಜ್ ಜಾಗಕ್ಕೆ ಸ್ಟೀಲ್ ಪ್ಲೇಟ್ ಅಚ್ಚಿನಲ್ಲೇ ಕೂರಿಸಿಕೊಡಲು ಹೇಳಿ. ಹಳೇ ಸ್ಟೀಲ್ ಬಾನೆಟ್ ಮಾತ್ರ ಗುಜರಿಗೆ ಹಾಕಬೇಡಿ. ಎಫ್‌ಸಿ ಹತ್ತಿರ ಬಂದಾಗ ನಾನು ಅದನ್ನೇ ಮತ್ತೆ ಕೂರಿಸಿದೆ, ಈಗಲೂ ಅದೇ ಇದೆ.