ಒಂದೇ ರಾಮ, ಮೂರು ದನಿ

ಜಪಾನಿನ ನಿರ್ದೇಶಕ ಯುಗೋ ಸಾಕೋ ಅವರ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಅನಿಮೇಷನ್ ಚಿತ್ರವನ್ನು ಮಗಳಿಗೆ ತೋರಿಸೋಣ ಅಂದುಕೊಂಡೆ. ಅಲ್ಲಿನ ಕಲಾವಿದರು ನಮ್ಮ ದೇಶದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಜೊತೆ ಸೇರಿ, ಒಂದೊಂದು ಚಿತ್ರವನ್ನೂ ಕೈಯಲ್ಲೇ ಬರೆದು ಮಾಡಿದ ಸಿನಿಮಾ. ಆದರೆ ಯಾವುದನ್ನು ಹಾಕೋದು? ನಾನು ಮೂರು ಥರ ನೋಡಿದ್ದೇನೆ.

ಮೊದಲನೆಯದು ಹಳೇ ಹಿಂದಿ. ಬೇಸಿಗೆ ರಜೆ, ಕಾರ್ಟೂನ್ ನೆಟ್‌ವರ್ಕ್. ನನಗೆ ಹಿಂದಿ ಅಷ್ಟಕ್ಕಷ್ಟೇ, ಕಥೆ ಗೊತ್ತಿತ್ತಲ್ಲ, ನಡೆಯಿತು. ರಾಮನಿಗೆ ಅರುಣ್ ಗೋವಿಲ್ ದನಿ, ರಾವಣನಿಗೆ ಅಮರೀಶ್ ಪುರಿ. ಆ ರಾವಣ ಬಾಯಿ ತೆರೆದರೆ ನಾನು ದಿಂಬು ತಬ್ಬಿಕೊಳ್ಳುತ್ತಿದ್ದೆ. ಈಗ ಸಿಗುವ ಆ ಪ್ರಿಂಟ್ ಮಾತ್ರ ಮಸುಕು ಮಸುಕು.

2025ರ ಜನವರಿಯಲ್ಲಿ 4ಕೆ ಆಗಿ ಥಿಯೇಟರಿಗೆ ಬಂತು. ಹಿಂದಿ, ತಮಿಳು, ತೆಲುಗಿಗೆ ಹೊಸ ಡಬ್ಬಿಂಗ್. ಕನ್ನಡಕ್ಕಿಲ್ಲ. ಕಿಷ್ಕಿಂಧೆ ನಮ್ಮ ಹಂಪಿಯ ಪಕ್ಕದಲ್ಲೇ ಅಂತ ಹೇಳಿಕೊಳ್ಳುವವರು ನಾವು! ಹೊಸ ಹಿಂದಿಯಲ್ಲಿ ನೋಡಿದೆ. ಬಣ್ಣ ತೊಳೆದಿಟ್ಟ ಹಾಗಿದೆ. ಟಿವಿಯಲ್ಲಿ ಬರೀ ಹಸಿರು ಮುದ್ದೆಯಾಗಿದ್ದ ಕಾಡಿನಲ್ಲಿ ಎಲೆ ಎಲೆಯೂ ಕಾಣುತ್ತದೆ. ಕುಂಭಕರ್ಣ ಎದ್ದು ನಿಂತಾಗ ಕುತ್ತಿಗೆ ಎತ್ತಿ ನೋಡಬೇಕು. ದನಿಗಳಲ್ಲಿ ತಪ್ಪೇನಿಲ್ಲ, ಆದರೆ ದಿಂಬು ನೆನಪಾಗಲಿಲ್ಲ.

ಮೂರನೆಯದು ಇಂಗ್ಲಿಷ್, ಅಂದರೆ ಮೂಲ. ಮಾತು ಸ್ವಲ್ಪ ಸ್ಕೂಲ್ ನಾಟಕದ ಹಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಹಾಡುಗಳು ಸಂಸ್ಕೃತದಲ್ಲಿವೆ, ಸಂಗೀತ ವನರಾಜ್ ಭಾಟಿಯಾ ಅವರದು. ಹಾಡು ಶುರುವಾದರೆ ಆ ನಾಟಕದ ಮಾತೆಲ್ಲ ಮರೆತೇ ಹೋಗುತ್ತದೆ. ಹಿಂದಿಯಲ್ಲಿ ಈ ಗುಂಗು ನನಗೆ ಸಿಗಲಿಲ್ಲ. ಅಮೆರಿಕಕ್ಕೆ ಅಂತ ಕತ್ತರಿಸಿದ ಇನ್ನೊಂದೂ ಇದೆ, ಅದರಲ್ಲಿ ‘ಬ್ರೇಕಿಂಗ್ ಬ್ಯಾಡ್’ ಖ್ಯಾತಿಯ ಬ್ರಯಾನ್ ಕ್ರಾನ್‌ಸ್ಟನ್ ರಾಮ! ಅದನ್ನು ನಾನು ನೋಡಲು ಹೋಗಲಿಲ್ಲ.

ಕೊನೆಗೆ ಮನೆಯಲ್ಲಿ ಹಾಕಿದ್ದು ಇಂಗ್ಲಿಷೇ. ಎರಡೂ ಕಾಲು ಗಂಟೆ ಕೂರುತ್ತಾಳಾ ಅನ್ನೋ ಅನುಮಾನ ಇತ್ತು. ಹತ್ತು ನಿಮಿಷಕ್ಕೇ ಅಮ್ಮ ರಿಮೋಟ್ ಕಸಿದುಕೊಂಡು ಸೌಂಡ್ ತಗ್ಗಿಸಿದಳು. ತಾನೇ ಕನ್ನಡದಲ್ಲಿ ಹೇಳತೊಡಗಿದಳು. ಕುಂಭಕರ್ಣನಿಗೆ ನೂರು ರಾಗಿಮುದ್ದೆ ಬಡಿಸಿದಳು, ಬಸ್ಸಾರಿನ ಜೊತೆ. ಮಗಳು ಅಲ್ಲಾಡಲಿಲ್ಲ. ಹಾಡು ಬಂದಾಗ ಮಾತ್ರ, “ಅಜ್ಜಿ, ಈಗ ಸುಮ್ನಿರು, ಸೌಂಡ್ ಜಾಸ್ತಿ ಮಾಡು” ಅಂದಳು.