ಪೆಂಡಾಲೋ, ದೊಡ್ಡ ಹಾಲೋ, ಮನೆ ಕಚೇರಿಯೋ: ಯಾವ ವಾದ್ಯಕ್ಕೆ ಯಾವ ಜಾಗ

ಯಾವ ಸಂಗೀತ ಕಚೇರಿಗೆ ಹೋಗೋಣ ಅಂತ ಮಾತು ಬಂದ್ರೆ ನಮ್ಮಲ್ಲಿ ಎಲ್ಲರೂ ಮೊದಲು ಕೇಳೋದು ಹಾಡ್ತಿರೋದು ಯಾರು, ಮೃದಂಗಕ್ಕೆ ಯಾರು ಅಂತ. ಎಲ್ಲಿ ಅಂತ ಕೇಳೋದು ಪಾರ್ಕಿಂಗ್ ಸಿಗುತ್ತಾ ಅಂತ ತಿಳ್ಕೊಳಕ್ಕೆ ಮಾತ್ರ. ಈ ಸಲ ರಾಮನವಮಿ ಸೀಸನ್ನಿಂದ ಹಿಡಿದು ಪೆಂಡಾಲು, ದೊಡ್ಡ ಹಾಲು, ಮನೆ ಕಚೇರಿ ಮೂರನ್ನೂ ಬೇಕಂತಲೇ ಒಂದಾದ ಮೇಲೊಂದು ಕೇಳಿದೆ, ಮಧ್ಯೆ ಮನೇಲಿ ಹಳೇ ರೆಕಾರ್ಡಿಂಗುಗಳು ಬೇರೆ. ಜಾಗ ಅನ್ನೋದು ಅರ್ಧ ಕಚೇರಿ ಅಂತ ಈಗ ಗಟ್ಟಿಯಾಗಿ ಹೇಳ್ತೀನಿ.

ಪೆಂಡಾಲು ಅಂದ್ರೆ ಬೆಂಗಳೂರಿನವರಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನಾನೇ. ಶ್ರೀ ರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾಗಿದ್ದು, ಇವತ್ತಿಗೂ ಬೇಸಿಗೆ ಬಂತು ಅಂದ್ರೆ ಸಂಜೆ ಆಫೀಸು ಮುಗಿಸಿ ಜನ ಆ ಕಡೆ ತಿರುಗ್ತಾರೆ. ಅಲ್ಲಿ ಸಂಗೀತ ಬಲ್ಲೋರು, ಬರೀ ಕೂತು ಖುಷಿಪಡೋರು, ಅಜ್ಜಿ ಜೊತೆ ಬಂದಿರೋ ಮಕ್ಕಳು ಎಲ್ಲಾ ಒಟ್ಟಿಗೆ ಇರ್ತಾರೆ, ಇದು ನಂಗೆ ತುಂಬಾ ಇಷ್ಟ. ಪೆಂಡಾಲಲ್ಲಿ ಗೆಲ್ಲೋದು ಲಯ. ತನಿ ಆವರ್ತನ, ಅಂದ್ರೆ ತಾಳವಾದ್ಯದವರು ಮಾತ್ರ ನುಡಿಸೋ ಭಾಗ, ಕೇಳಬೇಕು ಅಂದ್ರೆ ನಾನು ಕಣ್ಣು ಮುಚ್ಕೊಂಡು ಪೆಂಡಾಲಿಗೆ ಓಟು ಹಾಕ್ತೀನಿ, ಯಾಕಂದ್ರೆ ಮೃದಂಗ ಒಂದು ಸುತ್ತು ನುಡಿಸಿ ಖಂಜಿರಕ್ಕೆ (ಕೈಯಲ್ಲಿ ಹಿಡಿದು ನುಡಿಸೋ ಪುಟ್ಟ ತಾಳವಾದ್ಯ) ಬಿಟ್ಟು, ಖಂಜಿರ ಉತ್ತರ ಕೊಟ್ಟು, ಸುತ್ತು ಚಿಕ್ಕದಾಗ್ತಾ ಆಗ್ತಾ ಕೊನೆಗೆ ಇಬ್ಬರೂ ಒಟ್ಟಿಗೆ ಮುಕ್ತಾಯಕ್ಕೆ ಬರೋ ಹೊತ್ತಿಗೆ ಸಾವಿರಾರು ಕೈಗಳು ತೊಡೆ ಮೇಲೆ ತಾಳ ಹಾಕ್ತಾ ಇರ್ತವಲ್ಲ, ಆ ಬಿಸಿ ಬೇರೆ ಕಡೆ ಸಿಗಲ್ಲ. ಆದ್ರೆ ಗಾಯಕರು ಮಂದ್ರ ಸ್ಥಾಯಿಯಲ್ಲಿ, ಅಂದ್ರೆ ತಗ್ಗಿನ ಸ್ವರಗಳಲ್ಲಿ, ನಿಧಾನಕ್ಕೆ ತೋಡಿ ರಾಗ ಎಳೀತಾ ಇರೋವಾಗ ಬಯಲಲ್ಲಿ ಅದು ಚದುರಿ ಹೋಗುತ್ತೆ. ಬಯಲು ಅಂದ್ಮೇಲೆ ಊರಿನ ಸದ್ದು ಒಳಗೆ ಬರ್ಲೇಬೇಕು, ಅದಕ್ಕೆ ಯಾರೂ ಏನೂ ಮಾಡಕ್ಕಾಗಲ್ಲ.

ಬಯಲಿಗೇ ಹುಟ್ಟಿದ ವಾದ್ಯ ಅಂದ್ರೆ ನಾದಸ್ವರ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯೋ ಗದ್ದಲದ ನಡುವೆ ನಾದಸ್ವರ ಡೋಲು ಕೇಳಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಅಷ್ಟು ಜನದ ಮೇಲೆ ಹಾದು ಅದು ಸೀದಾ ನಮ್ಮ ಹತ್ರ ಬರುತ್ತೆ, ಮೈಕು ಬೇಕೇ ಇಲ್ಲ. ಅದೇ ನಾದಸ್ವರನ ಏಸಿ ಹಾಲಲ್ಲಿ ಮುಂದೆ ಎರಡು ಮೈಕಿಟ್ಟು ಕೇಳಿಸಿದ್ರೆ ಅರ್ಧ ಗಂಟೇಲಿ ಕಿವಿ ಸೋಲುತ್ತೆ.

ಹಾಲಿಗೆ ಬಂದ್ರೆ, ವೈಯಾಲಿಕಾವಲಿನ ಚೌಡಯ್ಯ ಸ್ಮಾರಕ ಭವನ. 1980ರಲ್ಲಿ ಶುರುವಾದ ಈ ಪಿಟೀಲಿನ ಆಕಾರದ ಕಟ್ಟಡದ ಮುಂದೆ ಫೋಟೊ ತೆಗೆಸ್ಕೊಳ್ಳೋರು ಬೇಕಾದಷ್ಟು ಜನ, ಆದ್ರೆ ಯಾರ ಹೆಸರು ಇಟ್ಟಿದಾರೋ ಆ ಪಿಟೀಲು ವಿದ್ವಾಂಸ ಚೌಡಯ್ಯನವರ ಕಥೆ ಈ ಹೋಲಿಕೆಗೆ ಸರಿಯಾಗಿ ಹೊಂದುತ್ತೆ. ಮೈಕು ಇನ್ನೂ ಎಲ್ಲಾ ಕಡೆ ಬಂದಿರದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸಲ್ಲ ಅಂತ ಅವರು ನಾಲ್ಕು ತಂತಿ ಜೊತೆ ಇನ್ನೂ ಮೂರು ಸೇರಿಸಿ ಏಳು ತಂತಿ ಪಿಟೀಲು ಮಾಡ್ಕೊಂಡ್ರು. ಒಂದು ಸ್ವರಕ್ಕೆ ಅದರ ಜೊತೆ ಸ್ಥಾಯಿಯ ಸ್ವರಾನೂ ಸೇರಿ ಕೇಳಿದಾಗ ನಾದ ತುಂಬ್ಕೊಂಡು ದೂರ ಹೋಗುತ್ತೆ. ಅಂದ್ರೆ ಜಾಗ ನೋಡಿ ವಾದ್ಯಾನೇ ಬದಲಾಯಿಸಿದ ಮನುಷ್ಯ! ಈಗ ನಾವು ಮಾಡೋದು ಉಲ್ಟಾ, ವಾದ್ಯ ಯಾವ್ದೇ ಇರ್ಲಿ ವಾಲ್ಯೂಮ್ ಏರಿಸೋದು.

ಹಾಲಲ್ಲಿ ನಂಗೆ ಹಿಡಿಸಿದ್ದು ಹಾಡುಗಾರಿಕೆ, ಅದ್ರಲ್ಲೂ ಒಂದೇ ರಾಗವನ್ನ ವಿಸ್ತಾರವಾಗಿ ಬೆಳೆಸೋ ರಾಗ ತಾನ ಪಲ್ಲವಿ. ಹೊರಗಿನ ಸದ್ದಿಲ್ಲ, ಸೀಟು ಸರಿಯಾಗಿದೆ, ಗಂಟೆಗಟ್ಟಲೆ ಒಂದೇ ಖರಹರಪ್ರಿಯ ರಾಗ ಹಿಡ್ಕೊಂಡು ಕೂರಬಹುದು, ಪಿಟೀಲಿನವರು ಗಾಯಕರ ಹಿಂದೆಯೇ ನೆರಳಿನ ಹಾಗೆ ಬರೋದು ಸ್ಪಷ್ಟ ಕೇಳುತ್ತೆ. ಇದೆಲ್ಲಾ ಮೈಕಿನ ಹುಡುಗನ ಕೈಲಿದೆ ಅನ್ನೋದನ್ನ ಮಾತ್ರ ಮರೀಬಾರ್ದು. ಇನ್ಯಾವುದೋ ಒಂದು ಹಾಲಲ್ಲಿ, ಹೆಸರು ಬೇಡ, ಮೃದಂಗದ ಎಡಗಡೆ ಮೈಕನ್ನ ಎಷ್ಟು ಏರಿಸಿದ್ರು ಅಂದ್ರೆ ಪ್ರತಿ ಗುಂಕಿಗೂ (ಎಡಗಡೆಯ ಗುಂಯ್ ಅನ್ನೋ ನಾದ) ಎದೆ ಗುದ್ದಿದಂಗಾಗಿ ಹಾಡ್ತಿದ್ದೋರ ಗಮಕಗಳು, ಅಂದ್ರೆ ಸ್ವರ ತೂಗಾಡಿಸೋ ಕುಸುರಿ, ಎಲ್ಲಿ ಹೋದ್ವೋ ಗೊತ್ತಾಗ್ಲಿಲ್ಲ. ಆ ಎಡಗಡೆಗೆ ರವೆ ಕಲಸಿ ಹಚ್ಚಿ, ತಟ್ಟಿ ತಟ್ಟಿ ನೋಡಿ ಹದ ತಂದಿರ್ತಾರೆ, ಅಷ್ಟು ಸೂಕ್ಷ್ಮದ ಕೆಲಸನ ಒಂದು ನಾಬು ತಿರುಗಿಸಿ ಹಾಳು ಮಾಡೋದು ನೋಡಿದ್ರೆ ನಿಜವಾಗ್ಲೂ ಸಂಕಟ ಆಗುತ್ತೆ.

ಮೂರನೇದು ಮನೆ ಕಚೇರಿ. ಬಸವನಗುಡಿ ಕಡೆ ಒಬ್ಬರ ಮನೆ ಹಾಲಲ್ಲಿ ಜಮಖಾನ ಹಾಸಿ ಮೂವತ್ತು ನಲವತ್ತು ಜನ, ಮೈಕಿಲ್ಲ, ನಿಜವಾದ ತಂಬೂರಿ, ಶ್ರುತಿ ಪೆಟ್ಟಿಗೆಯಲ್ಲ ಫೋನಿನ ಆಪೂ ಅಲ್ಲ, ಮತ್ತೆ ವೀಣೆ. ನನ್ನ ಪ್ರಕಾರ ವೀಣೆಗೆ ಇದಕ್ಕಿಂತ ಒಳ್ಳೇ ಜಾಗ ಇಲ್ವೇ ಇಲ್ಲ. ದೊಡ್ಡ ಹಾಲಲ್ಲಿ ವೀಣೆಗೆ ಪಿಕಪ್ (ವಾದ್ಯದ ಮೈಗೇ ಹಚ್ಚೋ ಪುಟ್ಟ ಮೈಕು) ಅಂಟಿಸಿ ಕೇಳಿಸಿದಾಗ ಮೀಟಿನ ಲೋಹದ ಸದ್ದೇ ಮುಂದೆ ಬರುತ್ತೆ, ಇಲ್ಲಿ ಮೀಟಿದ ಮೇಲೆ ಸ್ವರ ಉಳ್ಕೊಂಡು ಕರಗೋದು, ಆ ಕರಗೋ ಹೊತ್ತಲ್ಲೇ ಎಡಗೈ ಇನ್ನೊಂದು ಸ್ವರಕ್ಕೆ ಜಾರೋದು ಎಲ್ಲಾ ಕೇಳಿಸ್ತು. ತಂಬೂರಿಯ ತಂತಿ ಕೆಳಗೆ ಸಿಕ್ಕಿಸೋ ಜೀವಾಳದ ದಾರ ಒಂಚೂರು ಸರಿಸಿದ್ದಕ್ಕೆ ಇಡೀ ಕೋಣೆಯ ನಾದ ಬದಲಾಗಿದ್ದು ಕೂಡ! ಕೊರತೆ ಅಂದ್ರೆ ಕರೆದೋರಿಗೆ ಮಾತ್ರ ಜಾಗ, ಗೊತ್ತಿರೋರ ಮೂಲಕವೇ ಹೋಗ್ಬೇಕು, ಇದು ನಂಗೆ ಬೇಜಾರಿನ ವಿಷಯ. ಪೆಂಡಾಲಿನ ಬಾಗಿಲು ಇಷ್ಟು ಕಿರಿದಲ್ಲ.

ಆ ವೀಣೆ ಕೇಳಿ ಬಂದ್ಮೇಲೆ ಮೈಸೂರಿನ ದೊರೆಸ್ವಾಮಿ ಅಯ್ಯಂಗಾರರ (1920–1997) ರೆಕಾರ್ಡಿಂಗುಗಳಿಗೆ ಬಿದ್ದೆ. ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರು, ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದೋರು. ಮೈಸೂರು ಬಾನಿ, ಅಂದ್ರೆ ಮೈಸೂರಿನ ನುಡಿಸೋ ಶೈಲಿ, ಅಂತ ಬರೀ ಹೆಸರು ಕೇಳಿದ್ದೋರು ಇವರದ್ದು ಕೇಳ್ಬೇಕು, ಗಡಿಬಿಡಿ ಇಲ್ಲ, ಗದ್ದಲ ಇಲ್ಲ, ಒಂದೊಂದು ಮೀಟೂ ಬಿಡಿಬಿಡಿಯಾಗಿ ದುಂಡಗೆ. ಹೆಡ್‌ಫೋನ್ ಹಾಕ್ಕೊಂಡು ರಾತ್ರಿ ಕೇಳಿದ್ರೆ ಮನೆ ಕಚೇರಿಗೆ ತೀರಾ ಹತ್ತಿರ ಬರುತ್ತೆ, ಹಾಗಾಗಿ ವೀಣೆ ಮಟ್ಟಿಗೆ ದೊಡ್ಡ ಹಾಲಿಗಿಂತ ಹೆಡ್‌ಫೋನೇ ಮೇಲು ಅಂತೀನಿ.

ಇನ್ನೊಂದು ಹೊಸ ಹುಚ್ಚು ಧಾರವಾಡದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರದ್ದು. ಕರ್ನಾಟಕ ಸಂಗೀತದಲ್ಲೇ ಬೆಳೆದ ಕಿವಿಗೆ ಆಲಾಪನೆ ಅಂದ್ರೆ ತಾಳ ಇಲ್ಲದೆ ಬಿಡುವಾಗಿ ಬಿಚ್ಚಿಕೊಳ್ಳೋದು, ಇವರು ಜೈಪುರ ಅತ್ರೌಲಿ ಘರಾಣೆ ಅನ್ನೋ ಪರಂಪರೆಯವರು, ಸ್ವಲ್ಪ ಹೊತ್ತಿಗೇ ಬಂದಿಶ್ (ತಾಳಕ್ಕೆ ಕಟ್ಟಿದ ರಚನೆ) ಹಿಡಿದು ತಬಲಾ ಜೊತೆ ನಡೀತಾನೇ ರಾಗ ಕಟ್ತಾರೆ, ಸಮ್‌ಗೆ, ಅಂದ್ರೆ ತಾಳದ ಮೊದಲ ಪೆಟ್ಟಿಗೆ, ಬರೋವರೆಗೂ ಉಸಿರು ಹಿಡ್ಕೊಂಡು ಕೂರಬೇಕು. ಶಿವಮತ ಭೈರವ, ಬಿಹಾರಿ ಅಂತ ಬೇರೆಯೋರು ಅಪರೂಪಕ್ಕೆ ಮುಟ್ಟೋ ರಾಗಗಳು ಇವರ ಹತ್ರ ಎಷ್ಟು ಸಲೀಸು! ಇದನ್ನ ಎರಡು ಥರ ಕೇಳಿದೆ. ದುಡ್ಡು ಕಟ್ಟೋ ಒಂದು ಆಪಲ್ಲಿ ಸೌಂಡು ಶುಭ್ರ, ಆದ್ರೆ ತಬಲಾ ಯಾರು ಹಾರ್ಮೋನಿಯಂ ಯಾರು ಅಂತ ಒಂದು ಸಾಲೂ ಇಲ್ಲ, ಒಂದು ರಾಗ ಮುಗಿಯೋದೇ ತಡ ಸಂಬಂಧವೇ ಇಲ್ಲದ ಇನ್ನೊಂದು ಶುರು. ಯೂಟ್ಯೂಬಲ್ಲಿ ಯಾರೋ ಪುಣ್ಯಾತ್ಮರು ಹಾಕಿರೋ ಹಳೇ ಕಚೇರಿಗಳಲ್ಲಿ ಬುಸ್ಸು ಅನ್ನೋ ಸದ್ದಿದೆ, ನಡುವೆ ಸಭೆಯಲ್ಲಿ ಕೂತೋರ ವಾಹ್ವಾ ಇದೆ, ಮುಂದಿನ ರಾಗ ಹಿಡಿಯೋಕೆ ಮುಂಚೆ ಶ್ರುತಿ ಸರಿಮಾಡ್ಕೊಳ್ಳೋದೂ ಇದೆ. ನಂಗೆ ಎರಡನೇದೇ ಬೇಕು. ಇಡೀ ಕಚೇರಿ ಯಾವ ರಾಗದಿಂದ ಯಾವ ರಾಗಕ್ಕೆ ಹೋಯ್ತು ಅನ್ನೋದು ಗೊತ್ತಾದ್ರೇನೇ ಹಾಡಿದೋರ ಮನಸ್ಸು ಗೊತ್ತಾಗೋದು, ಅದಕ್ಕೆ ಸ್ವಲ್ಪ ಬುಸ್ಸು ಸದ್ದನ್ನ ನಾನು ಸಂತೋಷವಾಗಿ ಸಹಿಸ್ಕೊಳ್ತೀನಿ.